ಕುದುರೆಯನ್ನು ಕೆಡವುವುದು ಬೇಲಿಯೇ?

ಲಿವರ್‌ಪೂಲ್ ಬಳಿಯ ಏಂಟ್ರೀ ಮೈದಾನದಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ ಕುದುರೆ ಸತ್ತಾಗಲೆಲ್ಲ ಒಂದೇ ಕೂಗು ಏಳುತ್ತದೆ: ಬೇಲಿಗಳು ತೀರಾ ಎತ್ತರ, ತಗ್ಗಿಸಿ. ಬಾಜಿ ಕಟ್ಟುವವರ ಕಡೆಯಿಂದ ಬರುವ ಮಾತು ಬೇರೆ: ಇದು ಬರೀ ಲಾಟರಿ, ಹಿಡಿಸಿದ ಹೆಸರಿನ ಕುದುರೆಗೆ ದುಡ್ಡು ಹಾಕಿ. ಕುದುರೆಯ ಮೇಲಿನ ಮರುಕದಿಂದ ಹುಟ್ಟಿದ ಮೊದಲ ಮಾತನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಎರಡನೆಯದನ್ನಂತೂ ಒಪ್ಪುವ ಪ್ರಶ್ನೆಯೇ ಇಲ್ಲ. ನೆಲ ಹೇಗಿದೆ, ಆ ನೆಲದ ಮೇಲೆ ಎಷ್ಟು ಕುದುರೆಗಳು ಎಷ್ಟು ವೇಗವಾಗಿ ಓಡುತ್ತಿವೆ ಎಂಬುದನ್ನು ಇಬ್ಬರೂ ನೋಡಿಲ್ಲ.

ಎತ್ತರದ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ. ಸುಮಾರು ನಾಲ್ಕೂಕಾಲು ಮೈಲಿಯ ಈ ಓಟದಲ್ಲಿ 30 ಜಿಗಿತಗಳಿವೆ. ಎಲ್ಲಕ್ಕಿಂತ ಎತ್ತರದ್ದು 'ಚೇರ್', 5 ಅಡಿ 2 ಅಂಗುಲ. ಆದರೆ 1967ರಲ್ಲಿ ರೇಸಿಗೆ ರೇಸೇ ಕುಸಿದದ್ದು ನಾಲ್ಕೂವರೆ ಅಡಿಯ, ಮೈದಾನದ ಅತಿ ಗಿಡ್ಡ ಬೇಲಿಗಳಲ್ಲೊಂದರ ಎದುರು. ಸವಾರನಿಲ್ಲದ ಕುದುರೆಯೊಂದು ಅಡ್ಡ ತಿರುಗಿತು, ಹಿಂದಿದ್ದವು ಒಂದರ ಮೇಲೊಂದು ಬಂದು ಬಿದ್ದವು. ತೀರಾ ಹಿಂದೆ ಉಳಿದಿದ್ದ ಫಾಯ್ನವನ್ ಆ ಗೊಂದಲದ ನಡುವೆ ದಾರಿ ಕಂಡುಕೊಂಡು, ಒಂದಕ್ಕೆ ನೂರರ ದರದಲ್ಲಿ ಗೆದ್ದಿತು. ಆ ಬೇಲಿಗೆ ಈಗ ಅದರದೇ ಹೆಸರು. 2023ರಲ್ಲಿ ಹಿಲ್ ಸಿಕ್ಸ್‌ಟೀನ್ ಎಂಬ ಕುದುರೆ ಸತ್ತದ್ದೂ ಅಷ್ಟೇ ಎತ್ತರದ ಮೊದಲ ಬೇಲಿಯಲ್ಲಿ.

ಇದೇ ಮೈದಾನದ ಬೀಚರ್ಸ್ ಬ್ರೂಕ್ ಎಂಬ ಬೇಲಿ ಕುಖ್ಯಾತವಾದದ್ದಕ್ಕೂ ಎತ್ತರ ಕಾರಣವಲ್ಲ. ಜಿಗಿಯುವ ಕಡೆಗಿಂತ ಇಳಿಯುವ ಕಡೆ ನೆಲ ತಗ್ಗು. ಕುದುರೆ ಎಣಿಸಿದ ಜಾಗದಲ್ಲಿ ನೆಲ ಸಿಗದೆ ಮುಗ್ಗರಿಸುತ್ತದೆ. 1989ರಲ್ಲಿ ಅಲ್ಲಿ ಎರಡು ಕುದುರೆಗಳು ಸತ್ತ ಮೇಲೆ ಬೇಲಿಯಾಚೆಯ ಹಳ್ಳವನ್ನು ತುಂಬಿಸಿ, ಇಳಿಜಾರನ್ನು ತಿದ್ದಿದರು. ಮಾಡಬೇಕಾದ ಕೆಲಸವೇ. ಆದರೆ ಮರುವರ್ಷ ನೆಲ ಗಟ್ಟಿಯಾಗಿತ್ತು. ಮಿಸ್ಟರ್ ಫ್ರಿಸ್ಕ್ 8 ನಿಮಿಷ 47.8 ಸೆಕೆಂಡಿನಲ್ಲಿ ಓಡಿ ದಾಖಲೆ ಬರೆಯಿತು. ಅದೇ ಓಟದಲ್ಲಿ ಬೇರೆ ಎರಡು ಕುದುರೆಗಳು ಪ್ರಾಣ ಬಿಟ್ಟವು. ಬೇಲಿ ಸುಲಭವಾದಷ್ಟೂ ಜಾಕಿ ಲಗಾಮು ಸಡಿಲಿಸುತ್ತಾನೆ. ಜೋರಾಗಿ ಬಂದ ಕುದುರೆಗೆ ಕಾಲು ಕೂಡಿಸಿಕೊಂಡು ನೆಗೆಯಲು ಹೊತ್ತೇ ಸಾಲದು. 2011 ಕೂಡ ಇದನ್ನೇ ತೋರಿಸಿತು. ಬಿಸಿಲಿನ ದಿನ, ಒಣಗುತ್ತಿದ್ದ ನೆಲ, ಬ್ಯಾಲಬ್ರಿಗ್ಸ್ 9 ನಿಮಿಷ 1.2 ಸೆಕೆಂಡಿನಲ್ಲಿ ಗೆಲುವಿನ ಗೆರೆ ದಾಟಿತು, ಎರಡು ಕುದುರೆಗಳು ಸತ್ತವು. ಗಟ್ಟಿ ನೆಲದಲ್ಲಿ ಸಾವು ಹೆಚ್ಚು ಎಂಬುದು ಬ್ರಿಟನ್ನಿನ ಪಶುವೈದ್ಯಕೀಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಹಾಗೆಂದು ಕೆಸರೇ ಮದ್ದು ಎನ್ನಲಾರೆ. 2001ರಲ್ಲಿ ಮಳೆಗೆ ಮೈದಾನ ಗದ್ದೆಯಂತಾಗಿತ್ತು. 40 ಕುದುರೆಗಳಲ್ಲಿ ಓಟ ಮುಗಿಸಿದ್ದು ನಾಲ್ಕು, ಅದರಲ್ಲಿ ಎರಡರ ಜಾಕಿಗಳು ಕೆಳಗಿಳಿದ ಮೇಲೆ ಮತ್ತೆ ಹತ್ತಿ ಬಂದವರು. ಕೆಸರು ವೇಗವನ್ನು ತಗ್ಗಿಸುತ್ತದೆ, ಕುದುರೆಯ ಕಸುವನ್ನೂ ಹೀರುತ್ತದೆ. ದಣಿದ ಕುದುರೆಗೆ ಎರಡನೇ ಸುತ್ತಿನ ಗಿಡ್ಡ ಬೇಲಿಯೂ ಬೆಟ್ಟವೇ. ನೆಲ ಗಟ್ಟಿಯೂ ಆಗದೆ ರಾಡಿಯೂ ಆಗದೆ ಮೆದುವಾಗಿರಲಿ ಎಂದೇ ಏಂಟ್ರೀಯಲ್ಲಿ ನೀರು ಹಾಯಿಸುತ್ತಾರೆ. ರೇಸಿನ ವಾರದ ಅತಿ ದೊಡ್ಡ ತೀರ್ಮಾನ ಅದು. ಪತ್ರಿಕೆಗಳಲ್ಲಿ ಅದಕ್ಕೆ ಸಿಗುವುದು ಒಂದು ಸಾಲು.

ಬೇಲಿಯ ಬಗ್ಗೆ ನಿಜಕ್ಕೂ ಫಲ ಕೊಟ್ಟ ಬದಲಾವಣೆ ಅದರ ಒಡಲಿಗೆ ಸೇರಿದ್ದು. 2013ರಿಂದ ಬೇಲಿಯೊಳಗಿನ ಮರದ ಚೌಕಟ್ಟನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನು ತುಂಬಿದರು. ಆ ವರ್ಷದಿಂದ 2018ರವರೆಗೆ ಈ ರೇಸಿನಲ್ಲಿ ಒಂದೂ ಕುದುರೆ ಸಾಯಲಿಲ್ಲ. ಬೇಲಿಯ ಬಣ್ಣದ ಕತೆಯೂ ಇಂಥದ್ದೇ: ಕುದುರೆಯ ಕಣ್ಣಿಗೆ ಕಿತ್ತಳೆ ಎದ್ದು ಕಾಣದು ಎಂದು ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ಮೇಲೆ, 2022ರಿಂದ ಬ್ರಿಟನ್ನಿನ ಬೇಲಿಗಳ ಗುರುತುಗಳಿಗೆ ಬಿಳಿ ಬಂತು. ಎತ್ತರ ಎತ್ತರ ಎಂದು ಕೂಗುವವರಿಗೆ ಇಂಥವು ಹೊಳೆಯುವುದೇ ಇಲ್ಲ.

ಇನ್ನು ಲಾಟರಿಯ ಮಾತು. ಬೆಂಗಳೂರು, ಮೈಸೂರಿನಲ್ಲಿ ನಡೆಯುವುದು ಸಮತಟ್ಟಿನ ಓಟ ಮಾತ್ರ. ಆದರೂ ಇಲ್ಲಿ ರೇಸಿಗೆ ಹೋಗುವವರು ಬಾಜಿ ಕಟ್ಟುವ ಮುನ್ನ ನೆಲದ ಗಟ್ಟಿತನ ಅಳೆಯುವ ಪೆನೆಟ್ರೋಮೀಟರಿನ ಅಂಕಿ ನೋಡುತ್ತಾರೆ. 1996ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಎಂದೇ ಹೇಳಿತು. ನ್ಯಾಷನಲ್‌ನಲ್ಲೂ 2019ರಲ್ಲಿ ಟೈಗರ್ ರೋಲ್, 2023ರಲ್ಲಿ ಕೊರಾಕ್ ರ‍್ಯಾಂಬ್ಲರ್ ಫೇವರಿಟ್ ಆಗಿಯೇ ಗೆದ್ದವು. ಒಂದಕ್ಕೆ ನೂರರ ಗೆಲುವುಗಳು ಎಲ್ಲರ ನೆನಪಿನಲ್ಲಿ ಉಳಿಯುವುದು ಅವು ಅಪರೂಪ ಎಂಬ ಕಾರಣಕ್ಕೆ. ಮಳೆ ಬಂದ ಬೆಳಿಗ್ಗೆ ದರಗಳು ಏರಿಳಿಯುವುದನ್ನು ಕಂಡವರು ಇದನ್ನು ಲಾಟರಿ ಎನ್ನಲಾರರು. ಯಾವ ಕುದುರೆ ಯಾವ ನೆಲದಲ್ಲಿ ಓಡಬಲ್ಲದು ಎಂದು ಬಲ್ಲವರ ಹಣ ಅಲ್ಲಿ ಜಾಗ ಬದಲಿಸುತ್ತಿರುತ್ತದೆ.

ಲಾಟರಿ ಎಂಬ ಮಾತು ಕುದುರೆಗೂ ಕೇಡು ಮಾಡಿದೆ. ಅದೃಷ್ಟದಾಟ ಎಂದಮೇಲೆ ಹೆಚ್ಚು ಕುದುರೆ ಇದ್ದಷ್ಟೂ ಮಜಾ ಎಂಬ ನಂಬಿಕೆ ಬೆಳೆಯಿತು. ಆದರೆ ಇಕ್ಕಟ್ಟಿನಲ್ಲಿ ಒಂದು ಬಿದ್ದರೆ ಇನ್ನೊಂದನ್ನೂ ಕೆಡವುತ್ತದೆ: 2012ರಲ್ಲಿ ಸತ್ತ ಅಕಾರ್ಡಿಂಗ್ ಟು ಪೀಟ್ ತಾನಾಗಿ ಎಡವಿದ್ದಲ್ಲ, ಮುಂದೆ ಬಿದ್ದ ಕುದುರೆ ಅದನ್ನು ಕೆಡವಿತು. 2024ರಲ್ಲಿ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿ, ಮೊದಲ ಬೇಲಿಯನ್ನು ಆರಂಭದ ಗೆರೆಗೆ 60 ಗಜ ಹತ್ತಿರ ತಂದರು. ಕುದುರೆಗಳು ಪೂರ್ತಿ ವೇಗ ಹಿಡಿಯುವ ಮೊದಲೇ ಬೇಲಿ ಎದುರಾಗಲಿ ಎಂದು. ಆ ಸಲ ನೆಲವೂ ಮೆದುವಾಗಿತ್ತು, ಒಂದೂ ಕುದುರೆ ಬೀಳಲಿಲ್ಲ, 21 ಓಟ ಮುಗಿಸಿದವು.

ಸಂಖ್ಯೆ ಇಳಿದರೆ ಬಾಜಿ ಸೊರಗುತ್ತದೆ ಎಂಬ ಅಳಲು ಕೇಳುತ್ತದೆ. ಬುಕ್ಕಿಗಳ ಲಾಭದ ಒಂದು ಪಾಲು ಲೆವಿಯಾಗಿ ಈ ಕ್ರೀಡೆಗೇ ಬರುವುದರಿಂದ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಲೆಕ್ಕ ನೋಡಿ: ಕುದುರೆಯ ಸಾಮರ್ಥ್ಯಕ್ಕೆ ತಕ್ಕ ಭಾರ ಹೊರಿಸುವ, ನ್ಯಾಷನಲ್‌ನಂಥ ಹ್ಯಾಂಡಿಕ್ಯಾಪ್ ರೇಸಿನಲ್ಲಿ 16 ಕುದುರೆ ಓಡಿದರೂ ಸಾಮಾನ್ಯ ನಿಯಮದಂತೆ ಮೊದಲ ನಾಲ್ಕು ಸ್ಥಾನಗಳಿಗೆ ಪ್ಲೇಸ್ ಹಣ, ಅಂದರೆ ಗೆಲ್ಲದಿದ್ದರೂ ಬಾಜಿಯ ಒಂದು ಪಾಲು, ಸಿಗುತ್ತದೆ. 34ರ ಬದಲು 26 ಓಡಿದರೂ ಆ ನಿಯಮ ಕದಲದು. ಹೀಗಿರುವಾಗ ಸಂಖ್ಯೆಯನ್ನು ಪ್ರತಿ ವರ್ಷವೂ ಒಂದೇ ಅಂಕಿಗೆ ಕಟ್ಟಿಹಾಕುವುದೇಕೆ? ನೀರು ಹಾಯಿಸಿದ ಮೇಲೂ ನೆಲ ಗಟ್ಟಿಯಾಗಿಯೇ ಉಳಿದರೆ ಇಷ್ಟು ಕುದುರೆಗಳು ಮಾತ್ರ ಎಂದು ಮೊದಲೇ ಪ್ರಕಟಿಸಿ, ರೇಸಿನ ಹಿಂದಿನ ದಿನ ಅಳತೆ ತೆಗೆದು ಜಾರಿಗೆ ತರಲಿ. ಹೊರಗುಳಿದ ಕುದುರೆಗಳ ಮೇಲಿನ ಬಾಜಿ ಹಣವನ್ನು ಬುಕ್ಕಿಗಳು ಹಿಂದಿರುಗಿಸಲಿ.