ಗೋಡೆ ತುಂಬುವ ಸಿನಿಮಾ

ಪ್ರೊಜೆಕ್ಟರಿಗೆ ಕಪ್ಪು ಮೂಡಿಸಲು ಬರುವುದಿಲ್ಲ. ಅದು ಬೀರುವುದು ಬೆಳಕನ್ನಷ್ಟೇ. ಕಪ್ಪು ಅಂದರೆ ಬೆಳಕು ಬೀಳದೆ ಉಳಿದ ಗೋಡೆ. ಕಿಟಕಿಯ ಪರದೆ ಚೂರು ಸರಿದರೂ ಸಾಕು, 2022ರ ‘ಕಾಂತಾರ’ ಚಿತ್ರದ ದೈವಕೋಲದ ರಾತ್ರಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಓಎಲ್‌ಇಡಿ ಟಿವಿಗೆ ಈ ಕಷ್ಟವಿಲ್ಲ, ಕಪ್ಪು ಬೇಕಾದ ಕಡೆ ಪಿಕ್ಸೆಲ್ಲೇ ಆರಿಹೋಗುತ್ತದೆ. ಹಗಲಿನ ಕ್ರಿಕೆಟ್ಟಿಗೆ, ಸಂಜೆಯ ಧಾರಾವಾಹಿಗೆ ಟಿವಿಯೇ ಸರಿ, ವಾದ ಬೇಡ.

ಆದರೂ ನನ್ನ ಮನಸ್ಸು ವಾಲುವುದು ಪ್ರೊಜೆಕ್ಟರಿನ ಕಡೆಗೇ. 100 ಇಂಚಿನ ಪರದೆಯ ವಿಸ್ತಾರ 55 ಇಂಚಿನ ಟಿವಿಯ ಮೂರು ಪಟ್ಟಿಗೂ ಹೆಚ್ಚು. ಏಳಡಿ ಅಗಲದಲ್ಲಿ ದೈವದ ಮುಖವರ್ಣಿಕೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಪ್ರೊಜೆಕ್ಟರಿನ ಫ್ಯಾನಿನ ಸದ್ದೇ? ಇರಲಿ ಬಿಡಿ. ಒಳಗಿನ ಸ್ಪೀಕರನ್ನು ಮಾತ್ರ ನಂಬಬೇಡಿ, ಸೌಂಡ್‌ಬಾರಿಗೆ ದುಡ್ಡು ಎತ್ತಿಡಿ. ಕೋಣೆ ಕತ್ತಲಾಗದಿದ್ದರೆ ಟಿವಿಯನ್ನೇ ಕೊಳ್ಳಿ.