ಉರಿಯುವ ಕಡ್ಡಿ, ನಗುವ ನಾವು

ರಿಚರ್ಡ್ ಪ್ರಯರ್ ಹುಟ್ಟಿದ್ದು 1940ರಲ್ಲಿ, ಅಮೆರಿಕದ ಪಿಯೋರಿಯಾದಲ್ಲಿ. ಬೆಳೆದದ್ದು ಅಜ್ಜಿ ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ. ಅವನ ಕರಾಳ ಹಾಸ್ಯಕ್ಕೆ ಬಾಲ್ಯದ ನೋವೇ ಕಾರಣವೆಂದು ನಾನೂ ನಂಬಿದ್ದೆ. 1982ರ ‘ಲೈವ್ ಆನ್ ದ ಸನ್‌ಸೆಟ್ ಸ್ಟ್ರಿಪ್’ ನೋಡಿದ ಮೇಲೆ ಆ ವಿವರಣೆ ಸಾಲದೆನಿಸಿತು. ಅದಕ್ಕೆ ಎರಡು ವರ್ಷ ಮೊದಲು, ಕೊಕೇನ್ ಅಮಲಿನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಆತ ಬೀದಿಯಲ್ಲಿ ಓಡಿದ್ದ. ಜನ ಅದನ್ನೇ ಜೋಕು ಮಾಡಿಕೊಂಡು ನಕ್ಕರು.

ಪ್ರದರ್ಶನದ ಕೊನೆಗೆ ಪ್ರಯರ್ ಕಡ್ಡಿ ಗೀರುತ್ತಾನೆ. ಅದನ್ನು ಕುಣಿಸುತ್ತ, ಓಡುತ್ತಿರುವುದು ತಾನೇ ಎನ್ನುತ್ತಾನೆ. ಜನರ ಜೋಕನ್ನು ಜನರಿಗೇ ಒಪ್ಪಿಸುತ್ತಾನೆ. ನಾನು ನಕ್ಕೆ, ಮರುಕ್ಷಣ ನಾಚಿದೆ.

ಆ ಮನೆಯಲ್ಲಿ ದೊಡ್ಡವರ ನಾಚಿಕೆ ಮಗುವಿನ ಕಣ್ಣೆದುರೇ ಇತ್ತು. ಅಲ್ಲಿ ಬೆಳೆದವನು ತನ್ನದನ್ನು ಮುಚ್ಚಿಡಲಿಲ್ಲ. ನೋಡಿ ನಕ್ಕವರ ನಾಚಿಕೆಯನ್ನೂ ಮುಚ್ಚಿಡಲು ಬಿಡಲಿಲ್ಲ.