ಸಪಾಟು ನಾಡಿನ ಮೂರು ಕೋನ

ಊರಿಗೆ ಹೊರಟಾಗ ಆಫೀಸಿನ ಗೆಳೆಯ ‘ಫ್ಲ್ಯಾಟ್‌ಲ್ಯಾಂಡ್’ ಕಾದಂಬರಿ ಕೈಗಿಟ್ಟ. “ನಿಮ್ಮ ಕಡೆ ಬರೀ ಬಯಲು ತಾನೇ ಗುರು, ಅಲ್ಲೇ ಕೂತು ಓದು” ಅಂದ. ಅಫಜಲಪುರದಿಂದ ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ಓದಿ ಮುಗಿಸಿದೆ. ಕಿಟಕಿಯಾಚೆ ಎರಿಮಣ್ಣು, ತೊಗರಿ ಹೊಲ. ಕಣ್ಣು ಹಾಯುವಷ್ಟೂ ಸಪಾಟು.

ಎಡ್ವಿನ್ ಅಬಟ್ 1884ರಲ್ಲಿ ಬರೆದ ಪುಟ್ಟ ಪುಸ್ತಕವಿದು. ಉದ್ದ, ಅಗಲ ಮಾತ್ರ ಇರುವ ಲೋಕದಲ್ಲಿ ಒಬ್ಬ ಚೌಕಪ್ಪ. ಎತ್ತರ ಅನ್ನೋದೇ ಅವನಿಗೆ ಗೊತ್ತಿಲ್ಲ. ಗೋಳವೊಂದು ಆ ಲೋಕವನ್ನು ಹಾದುಹೋಗುವಾಗ ಅವನಿಗೆ ಕಾಣುವುದು ಹಿಗ್ಗಿ ಕುಗ್ಗಿ ಮಾಯವಾಗುವ ವೃತ್ತ ಅಷ್ಟೇ. ನಾಲ್ಕು ಆಯಾಮದ ಗೋಳ ನಮ್ಮ ನಡುವೆ ಹಾದುಹೋದರೆ ನಮಗೂ ಹೀಗೇ, ಹಿಗ್ಗಿ ಕುಗ್ಗಿ ಇಲ್ಲವಾಗುವ ಚೆಂಡು ಕಂಡೀತು. ಇದನ್ನು ಇಷ್ಟು ಸಲೀಸಾಗಿ ಹೇಳಿದ್ದಕ್ಕೆ ಅಬಟ್‌ಗೆ ನೂರಕ್ಕೆ ನೂರು.

ನನ್ನ ತಕರಾರು ಬೇರೆ. ಗೋಳ ಮೇಲಕ್ಕೆತ್ತಿದ ಮೇಲೆಯೇ ಚೌಕಪ್ಪನಿಗೆ ಕಣ್ಣು ತೆರೆಯುತ್ತದೆ. ಹೀಗಾಗಿ, ಲೋಕದ ಆಕಾರ ತಿಳಿಯಲು ಅದರ ಹೊರಗೇ ಹೋಗಬೇಕು ಎಂಬ ಭಾವನೆ ಓದುಗರಲ್ಲಿ ಉಳಿದುಬಿಡುತ್ತದೆ. ಆದರೆ ಒಳಗಿದ್ದೇ ಬಾಗು ಅಳೆಯಬಹುದೆಂದು ಗಣಿತಜ್ಞ ರೀಮಾನ್ 1854ರಲ್ಲೇ ಹೇಳಿದ್ದ.

ಹೇಗೆ? ಆಳಂದ, ಅಫಜಲಪುರ, ಜೇವರ್ಗಿಗಳನ್ನು ನೇರ ಗೆರೆಗಳಲ್ಲಿ ಸೇರಿಸಿ. ಶಾಲೆಯ ಲೆಕ್ಕದಲ್ಲಿ ಮೂರು ಕೋನ ಕೂಡಿದರೆ 180 ಡಿಗ್ರಿ. ಇಲ್ಲಿ ಹಾಗಲ್ಲ. ಸುಮಾರು 1,100 ಚದರ ಕಿಲೋಮೀಟರಿನ ಈ ತ್ರಿಕೋನದಲ್ಲಿ ಐದಾರು ಸೆಕೆಂಡು ಹೆಚ್ಚು ಬರುತ್ತದೆ. ಒಂದು ಡಿಗ್ರಿಗೆ 3,600 ಸೆಕೆಂಡು, ಅಂದರೆ ಕೂದಲೆಳೆಯಷ್ಟು. ಆದರೂ ಭೂಮಿ ದುಂಡಗಿದೆ ಅನ್ನಲು ಅಷ್ಟು ಸಾಕು, ರಾಕೆಟ್ ಬೇಕಿಲ್ಲ. 1802ರಲ್ಲಿ ಮದ್ರಾಸಿನಿಂದ ಶುರುವಾದ ಲ್ಯಾಂಬ್ಟನ್ನನ ಸರ್ವೆಯವರು ಈ ಹೆಚ್ಚಳವನ್ನು ಲೆಕ್ಕಕ್ಕೆ ಹಿಡಿದೇ ನಾಡನ್ನು ಅಳೆದರು.

ವಿಶ್ವದ ಹೊರಗೆ ನಿಂತು ನೋಡುವ ಭಾಗ್ಯವಂತೂ ಯಾರಿಗೂ ಇಲ್ಲ. ಅಲ್ಲೂ ತ್ರಿಕೋನವೇ ಗತಿ. 2009ರಲ್ಲಿ ಹಾರಿದ ಪ್ಲಾಂಕ್ ನೌಕೆ, ವಿಶ್ವದ ಅತಿ ಹಳೆಯ ಬೆಳಕಿನಲ್ಲಿರುವ ಕಲೆಗಳನ್ನು ಅಳೆಯಿತು. ಕಲೆಯ ಎರಡು ತುದಿ, ಮೂರನೆಯದು ನಾವು. ಕಲೆಯ ನಿಜವಾದ ಗಾತ್ರ ಭೌತವಿಜ್ಞಾನದ ಲೆಕ್ಕದಿಂದ ಗೊತ್ತು. ಅದು ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತದೆ ಅನ್ನೋದರಲ್ಲಿ ಬಾಗು ಸಿಕ್ಕಿಬೀಳಬೇಕು. ಸಿಗಲಿಲ್ಲ. ನಮ್ಮ ಅಳತೆಗೆ ದಕ್ಕುವ ಮಟ್ಟಿಗೆ ವಿಶ್ವ ಸಪಾಟು. ಅದು ಕೊನೆಯಿಲ್ಲದ್ದೋ, ಸುತ್ತಿ ಬಂದು ತನ್ನನ್ನೇ ಸೇರುವಂಥದ್ದೋ, ಇನ್ನೂ ತೀರ್ಮಾನವಾಗಿಲ್ಲ.

ಪುಸ್ತಕ ವಾಪಸು ಕೊಡುತ್ತಾ ಗೆಳೆಯನಿಗೆ ಹೇಳಿದೆ: “ಮ್ಯಾಪಿನಾಗ ನೋಡಿ ಸಪಾಟು ಅಂದ್ಯಲ್ಲಪ್ಪ, ನಮ್ಮ ಮೂರು ಊರಿನ ನಡುವ ಐದಾರು ಸೆಕೆಂಡು ಹೆಚ್ಚಿಗಿ ಅದ. ಒಮ್ಮೆ ಬಂದು ಅಳದು ನೋಡು.”